ಶೋಕೇಸಿನ ಮರಳು: ಬಳಕೆದಾರರ ಕೈಪಿಡಿ



ವಿರಳ ಭೂಲೋಹಗಳನ್ನು ಮನೆಯಲ್ಲೇ ಪತ್ತೆ ಹಚ್ಚಿ, ಸಂಸ್ಕರಿಸಿ, ದೇಶವನ್ನು ಸ್ವಾವಲಂಬಿಯಾಗಿಸಲು ಹೊರಟಿರುವ ನಿಮಗೆ ಅಭಿನಂದನೆಗಳು. ಕೆಲಸಕ್ಕೆ ಕೈಹಚ್ಚುವ ಮೊದಲು ಈ ಕೈಪಿಡಿಯನ್ನು ಕೊನೆಯವರೆಗೆ ಓದಿ. ಮಿಕ್ಸಿಯ ಜೊತೆ ಬಂದ ಪುಸ್ತಕಕ್ಕೆ ಕಾಣಿಸಿದ ಗತಿಯನ್ನು ಇದಕ್ಕೂ ಕಾಣಿಸಬೇಡಿ. ಅದನ್ನು ಓದದಿದ್ದರೆ ಚಟ್ನಿ ತರಿತರಿಯಾದೀತು, ಅಷ್ಟೆ. ಇದನ್ನು ಓದದಿದ್ದರೆ ಅಣುಶಕ್ತಿ ಕಾನೂನನ್ನು ಓದಬೇಕಾಗಿ ಬಂದೀತು, ಅದೂ ವಕೀಲರ ಪಕ್ಕದಲ್ಲಿ ಕೂತು.

ಬೇಕಾಗುವ ಸಾಮಗ್ರಿ

ಕನ್ಯಾಕುಮಾರಿ ಮರಳು, ಒಂದು ಪೊಟ್ಟಣ. ಮೊರ, ಒಂದು. ಗಟ್ಟಿಮುಟ್ಟಾದ ಅಯಸ್ಕಾಂತ, ಒಂದು. ಕಾಸ್ಟಿಕ್ ಸೋಡಾ, ಹೈಡ್ರೋಕ್ಲೋರಿಕ್ ಆಮ್ಲ, ಸೀಮೆಎಣ್ಣೆ, ಬೇಕಾದಷ್ಟು. ತಾಳ್ಮೆ, ಹದಿನೈದು ಸಾವಿರ ಸುತ್ತಿಗಾಗುವಷ್ಟು. ಸರ್ಕಾರದ ಪರವಾನಗಿ, ಒಂದು. ಅದು ನಿಮಗೆ ಸಿಗುವುದಿಲ್ಲ, ಆದರೂ ಪಟ್ಟಿಯಲ್ಲಿರಲಿ.

ಮರಳನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. ಸ್ಕೂಲ್ ಟೂರಿನಲ್ಲಿ ಯಾರಾದರೊಬ್ಬರು ಕನ್ಯಾಕುಮಾರಿಗೆ ಹೋಗಿ ಬಂದ ಮನೆಯಲ್ಲಿ ಒಂದು ಪೊಟ್ಟಣ ಇದ್ದೇ ಇರುತ್ತದೆ. ಶೋಕೇಸಿನಲ್ಲಿ, ಹೆಸರು ಕೆತ್ತಿಸಿದ ಶಂಖದ ಪಕ್ಕ, ಕತ್ತು ಸಡಿಲವಾದ ಚನ್ನಪಟ್ಟಣದ ಗೊಂಬೆಯ ಹಿಂದೆ ಹುಡುಕಿ. ಕಪ್ಪು, ಕೆಂಪು, ಕಂದು, ಬಿಳಿ ಮರಳು. ಕನ್ಯಾಕುಮಾರಿ ದೇವಿಯ ಮದುವೆ ನಿಂತುಹೋಗಿ, ಅಡುಗೆಗೆಂದು ತಂದಿಟ್ಟಿದ್ದ ಅಕ್ಕಿ ಬೇಳೆಯೆಲ್ಲ ಹಾಗೇ ಮರಳಾಗಿಬಿಟ್ಟಿತು ಎಂದು ಅದನ್ನು ಮಾರುವವನು ನಿಮಗೂ ಹೇಳಿರುತ್ತಾನೆ. ಭೂವಿಜ್ಞಾನಿಗಳದ್ದು ಬೇರೆ ಕಥೆ. ಒಳನಾಡಿನ ಪುರಾತನ ಬಂಡೆಗಳು ಸವೆದು ಪುಡಿಯಾದವು, ಹೊಳೆಗಳು ಆ ಪುಡಿಯನ್ನು ಕಡಲಿಗೆ ಹೊತ್ತವು, ಅಲೆಗಳು ಹಗುರಾದದ್ದನ್ನು ಒಳಕ್ಕೆಳೆದುಕೊಂಡು ಭಾರದ್ದನ್ನು ದಡದಲ್ಲೇ ಬಿಟ್ಟವು. ಯಾವ ಕಥೆಯನ್ನಾದರೂ ನಂಬಿ. ಬೆರೆತುಹೋದ ಅಕ್ಕಿ ಬೇಳೆಯನ್ನು ಆರಿಸಬೇಕಾದವರು ಮಾತ್ರ ಈಗ ನೀವು.

ನಿಮಗೆ ಬೇಕಾದ ಕಾಳು ಜೇನಿನ ಬಣ್ಣದ್ದು. ಅದರ ಹೆಸರು ಮೊನಜೈಟ್.

ಹೆಸರಿನ ಬಗ್ಗೆ ಒಂದು ತಿದ್ದುಪಡಿ

ಪೊಟ್ಟಣದ ಮೇಲೆ ‘ವಿರಳ ಭೂಲೋಹ’ ಎಂದು ಚೀಟಿ ಅಂಟಿಸಬೇಕೆಂದಿದ್ದರೆ ಸ್ವಲ್ಪ ತಡೆಯಿರಿ. ಭೂಮಿ, ಮಣ್ಣು ಎಂಬುದು ಹಳೆಯ ರಸಾಯನಶಾಸ್ತ್ರಜ್ಞರ ಮಾತು; ಬೆಂಕಿಗೆ ಬಗ್ಗದ, ನೀರಿಗೆ ಕರಗದ ಪುಡಿಯನ್ನೆಲ್ಲ ಅವರು ಮಣ್ಣು ಎಂದು ಕರೆದು ಕೈತೊಳೆದುಕೊಳ್ಳುತ್ತಿದ್ದರು. ಇನ್ನು ವಿರಳ ಎಂಬುದಂತೂ ಶುದ್ಧ ಸುಳ್ಳು. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಈ ಕುಲದ ತೀರ ಬಡಪಾಯಿಗಳಲ್ಲೊಬ್ಬನಾದ ಥೂಲಿಯಂ ಕೂಡ ಚಿನ್ನಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಆದರೆ ಚಿನ್ನ ಎಲ್ಲೋ ಒಂದು ಕಡೆ ಗೆರೆಗಟ್ಟಿ ಕೂತಿರುತ್ತದೆ, ಇವು ಊರೆಲ್ಲ ಚೆಲ್ಲಿಕೊಂಡಿರುತ್ತವೆ. ಒಟ್ಟು ಹದಿನೇಳು ಜನ. ಲ್ಯಾಂಥನಂನಿಂದ ಲುಟೀಷಿಯಂವರೆಗೆ ಹದಿನೈದು ಅಣ್ಣತಮ್ಮಂದಿರು, ಅವರ ಜೊತೆಗೇ ಉಂಡು ಬೆಳೆದ ಯಟ್ರಿಯಂ, ಸ್ಕ್ಯಾಂಡಿಯಂ ಎಂಬ ಇಬ್ಬರು ಸೋದರಳಿಯಂದಿರು. ಒಬ್ಬನನ್ನು ಊಟಕ್ಕೆ ಕರೆದರೆ ಮನೆಮಂದಿಗೆಲ್ಲ ಎಲೆ ಹಾಕಬೇಕು. ಇದನ್ನು ನೆನಪಿಡಿ, ಐದನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 1: ಪತ್ತೆ

ಮೊನಜೈಟಿನೊಳಗೆ ಥೋರಿಯಂ ಕೂತಿದೆ, ನೂರಕ್ಕೆ ಎಂಟು ಹತ್ತು ಪಾಲು. ಅದು ವಿಕಿರಣ ಬಿಡುತ್ತದೆ. ಹಾಗಾಗಿ ಗೀಗರ್ ಕೌಂಟರನ್ನು ಪೊಟ್ಟಣದ ಹತ್ತಿರ ಹಿಡಿದರೆ ಗೋಡೆಯ ಮೇಲಿನ ಹಲ್ಲಿಯ ಹಾಗೆ ಲೊಚಗುಟ್ಟಲು ಶುರುಮಾಡುತ್ತದೆ. 1949ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೇ ಆಯಿತು. ಯುರೇನಿಯಂ ಹುಡುಕುತ್ತ ಗೀಗರ್ ಕೌಂಟರ್ ಹಿಡಿದು ಮರುಭೂಮಿ ಅಲೆಯುತ್ತಿದ್ದವರಿಗೆ ಮೌಂಟನ್ ಪಾಸ್ ಎಂಬಲ್ಲಿ ಸದ್ದು ಕೇಳಿತು. ಸಿಕ್ಕಿದ್ದು ಯುರೇನಿಯಂ ಅಲ್ಲ, ಬಾಸ್ಟ್ನಸೈಟ್ ಎಂಬ ವಿರಳ ಭೂಲೋಹದ ಅದಿರು. ಆಗ ಬೇಸರಪಟ್ಟಿರಬೇಕು. ಮುಂದೆ ಬಣ್ಣದ ಟೀವಿ ಬಂದು, ಪರದೆಯ ಮೇಲೆ ಕೆಂಪು ಕೆಂಪಾಗಿ ಕಾಣಲು ಯುರೋಪಿಯಂ ಬೇಕಾಯಿತು. ಅದೇ ಗಣಿ ಜಗತ್ತಿಗೆಲ್ಲ ಅದನ್ನು ಬಡಿಸಿತು.

ಕೌಂಟರ್ ಇಲ್ಲದವರು ಹಗ್ಗ ಕೊಡವಿ ನೋಡಬಹುದು. ಇದು ತಮಾಷೆಯಲ್ಲ, ನಮ್ಮ ದೇಶದಲ್ಲಿ ಪತ್ತೆಯಾದದ್ದೇ ಹಾಗೆ. 1909ರಲ್ಲಿ ಶಾಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹಡಗಿನಲ್ಲಿ ಹೋಗಿದ್ದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳನ್ನು ಪರೀಕ್ಷಿಸಿದ. ಅದರಲ್ಲಿ ಹೊಳೆಯುವ ಹಳದಿ ಕಾಳುಗಳಿದ್ದವು. ನಾರಿನ ಜಾಡು ಹಿಡಿದು ಬಂದು, ಈಗ ಕನ್ಯಾಕುಮಾರಿ ಜಿಲ್ಲೆಯಲ್ಲಿರುವ ಮಣವಾಳಕುರಿಚ್ಚಿಯಲ್ಲಿ ಮರಳು ಬೇರ್ಪಡಿಸುವ ಕೆಲಸ ಶುರುಮಾಡಿದ. ಮೊದಲ ಮಹಾಯುದ್ಧದ ಹೊತ್ತಿಗೆ ವ್ಯಾಪಾರ ಇಂಗ್ಲಿಷರ ಕೈಸೇರಿತು.

ಒಬ್ಬ ಜರ್ಮನನಿಗೆ ನಮ್ಮ ಮರಳಿನ ಹುಚ್ಚು ಯಾಕೆ ಹಿಡಿಯಿತು? ಗ್ಯಾಸ್‌ಲೈಟಿಗಾಗಿ. ಮದುವೆಯ ದಿಬ್ಬಣದಲ್ಲಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ, ಬಯಲಾಟದ ರಂಗಸ್ಥಳಕ್ಕೆ ತೂಗುಹಾಕುತ್ತಿದ್ದ ಪೆಟ್ರೋಮ್ಯಾಕ್ಸ್ ನೆನಪಿದೆಯೇ? ಅದರೊಳಗಿನ ಮ್ಯಾಂಟಲ್, ಮುಟ್ಟಿದರೆ ಉದುರಿಹೋಗುವ ಆ ಬೂದಿಯ ಚೀಲ, ಆಸ್ಟ್ರಿಯದ ಕಾರ್ಲ್ ಆಯರ್ ಎಂಬ ಮಹಾಶಯನ ಸೃಷ್ಟಿ. ನೂರರಲ್ಲಿ 99 ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್. ಈ ಅಳತೆ ಹದಕ್ಕೆ ಬಂದದ್ದು 1891ರಲ್ಲಿ. ಆ 99 ಪಾಲಿಗಾಗಿ ಲೋಕದ ಕಡಲತೀರಗಳನ್ನು ಜಾಲಾಡಿದರು. ಆಗ ಥೋರಿಯಂ ಸರಕು, ವಿರಳ ಭೂಲೋಹ ಕಸ. ರಾಶಿಬಿದ್ದ ಕಸವನ್ನು ಏನು ಮಾಡುವುದೆಂದು ಯೋಚಿಸಿ ಆಯರನೇ 1903ರಲ್ಲಿ ಸೀರಿಯಂಗೆ ಕಬ್ಬಿಣ ಬೆರೆಸಿ ಲೈಟರಿನ ಕಲ್ಲು ಮಾಡಿದ. ಇವತ್ತಿಗೂ ಬೀಡಿ ಹಚ್ಚುವ ಲೈಟರಿನ ಚಕ್ರ ತಿರುಗಿಸಿದಾಗ ಹಾರುವ ಕಿಡಿ ಆ ಕಸದ್ದೇ.

ಎಚ್ಚರಿಕೆ: ಕೌಂಟರ್ ಲೊಚಗುಟ್ಟಿತೆಂದು ಪೊಟ್ಟಣವನ್ನು ಪಕ್ಕದ ಮನೆಯ ಕಾಂಪೌಂಡಿಗೆ ಎಸೆಯಬೇಡಿ. ಕೇರಳದ ಕರುನಾಗಪ್ಪಳ್ಳಿಯ ಕಡಲಂಚಿನವರು ಈ ಮರಳಿನ ಮೇಲೇ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಬದುಕಿದ್ದಾರೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸಂಶೋಧಕರು ಅಲ್ಲಿನ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ, ನೆಲದ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲವೆಂದು 2009ರಲ್ಲಿ ಪ್ರಕಟಿಸಿದರು. ಮರಳು ಮರಳಾಗಿರುವವರೆಗೆ ಸಾಧು. ಅದನ್ನು ಕುದಿಸುವುದು ನೀವು.

ಹಂತ 2: ಕೇರುವುದು

ಮೊರ ಬೇಕು ಎಂದಾಗ ನಮ್ಮ ದೊಡ್ಡಮ್ಮ ಮೊದಲು ಖುಷಿಪಟ್ಟರು, ಯಾರೋ ರಾಗಿ ಹಸನು ಮಾಡಲು ಕೇಳುತ್ತಿದ್ದಾರೆಂದು. ಮೊರದಲ್ಲಿ ಮರಳು ಕಂಡು ಅವರ ಮುಖ ಸಣ್ಣಗಾಯಿತು.

“ಏನೋ ಅದು?”

“ಮೊನಜೈಟ್ ಕೇರ್ತಿದೀನಿ ದೊಡ್ಡಮ್ಮ.”

“ಅಕ್ಕಿ ಕೇರಿ ಕಲ್ಲು ಬಿಸಾಕೋದು ಗೊತ್ತು. ಕಲ್ಲು ಕೇರಿ ಕಲ್ಲೇ ಇಟ್ಕೋತಾರೇನೋ? ಕೇರಬೇಡ, ನೀರಲ್ಲಿ ಗಾಲಿಸು. ಭಾರದ್ದು ತಳ ಹಿಡಿಯತ್ತೆ.”

ಗಣಿಗಾರಿಕೆಯ ಎಂಜಿನಿಯರುಗಳು ಹೇಳುವುದೂ ಇದನ್ನೇ. ಬಿಳಿ ಮರಳು, ಅಂದರೆ ಸ್ಫಟಿಕಶಿಲೆಯ ಚೂರು, ನೀರಿಗಿಂತ ಎರಡೂವರೆ ಪಟ್ಟು ಭಾರ. ಮೊನಜೈಟ್ ಐದು ಪಟ್ಟು. ಕಾರ್ಖಾನೆಯಲ್ಲಿ ಮರಳು ಬೆರೆಸಿದ ನೀರನ್ನು ಜಾರುಬಂಡೆಯಂಥ ಸುರುಳಿ ಕಾಲುವೆಗಳಲ್ಲಿ ಮೇಲಿನಿಂದ ಬಿಡುತ್ತಾರೆ. ಹಗುರಾದದ್ದು ಹೊರಅಂಚಿಗೆ ಓಡುತ್ತದೆ, ಭಾರದ್ದು ಒಳಅಂಚಿನಲ್ಲಿ ತೆವಳುತ್ತ ಇಳಿಯುತ್ತದೆ. ದೊಡ್ಡಮ್ಮ ಅದನ್ನು ಎರಡು ಪಾತ್ರೆಯಲ್ಲಿ, ಮಣಿಕಟ್ಟನ್ನು ಸ್ವಲ್ಪವೇ ಕುಲುಕುತ್ತ ಮಾಡಿ ಮುಗಿಸಿದರು. ಉಳಿದದ್ದು ಒಂದು ಹಿಡಿ ಗಾಢ ಬಣ್ಣದ ಕಾಳು.

ಹಂತ 3: ಸಂದರ್ಶನ

ಈ ಹಿಡಿಯೊಳಗೆ ಇಲ್ಮೆನೈಟ್, ರುಟೈಲ್, ಜಿರ್ಕಾನ್, ಗಾರ್ನೆಟ್ ಎಲ್ಲ ಇವೆ, ಎಲ್ಲವೂ ಭಾರವೇ. ಪ್ರತಿ ಕಾಳಿಗೂ ಎರಡು ಪ್ರಶ್ನೆ ಕೇಳಿ. ಕರೆಂಟು ನಿನ್ನ ಮೈಮೇಲೆ ಹರಿಯುತ್ತದೆಯೇ? ಅಯಸ್ಕಾಂತ ಕಂಡರೆ ಏನನ್ನಿಸುತ್ತದೆ? ಮೊದಲ ಪ್ರಶ್ನೆಗೆ, ವಿದ್ಯುತ್ ಹಾಯಿಸಿದ ತಿರುಗುವ ಉರುಳೆಯ ಮೇಲೆ ಮರಳನ್ನು ಬಿಡಬೇಕು. ಇಲ್ಮೆನೈಟ್, ರುಟೈಲ್ ಚಾರ್ಜನ್ನು ತಕ್ಷಣ ಒಪ್ಪಿಸಿ ಹಾರಿ ಬೀಳುತ್ತವೆ. ಮಿಕ್ಕವು ಉರುಳೆಗೆ ಅಂಟಿಕೊಂಡೇ ಒಂದು ಸುತ್ತು ಹೋಗುತ್ತವೆ. ಅಂಟಿದವುಗಳಲ್ಲಿ ಜಿರ್ಕಾನಿಗೆ ಅಯಸ್ಕಾಂತದ ಗೊಡವೆಯಿಲ್ಲ. ಗಾರ್ನೆಟ್ ಬೇಗ ಬರುತ್ತದೆ. ಮೊನಜೈಟ್ ಮಾತ್ರ ಬರಲೋ ಬೇಡವೋ ಎನ್ನುತ್ತದೆ. ಅದಕ್ಕೆ ಶಾಲೆಯ ಲಾಳದ ಅಯಸ್ಕಾಂತ ಸಾಲದು, ನಿಯೋಡಿಮಿಯಂ ಅಯಸ್ಕಾಂತವೇ ಬೇಕು. ಹಾಳಾದ ಹಾರ್ಡ್ ಡಿಸ್ಕ್ ಬಿಚ್ಚಿದರೆ ಸಿಗುತ್ತದೆ. ಮೊನಜೈಟಿನಂಥ ಕಲ್ಲಿನಿಂದಲೇ ತೆಗೆದ ನಿಯೋಡಿಮಿಯಂ ಅದು, ತನ್ನ ತವರಿನವರನ್ನು ಗುರುತು ಹಿಡಿದು ಎತ್ತಿಕೊಳ್ಳುತ್ತದೆ. ಬೆರಳು ಜೋಪಾನ, ಎರಡು ಅಯಸ್ಕಾಂತಗಳ ನಡುವೆ ಸಿಕ್ಕಿದರೆ ಉಗುರು ಕಪ್ಪಾಗುತ್ತದೆ.

ಹಂತ 4: ಬೇಯಿಸುವುದು

ಮೊನಜೈಟ್ ಎಂದರೆ ಫಾಸ್ಫೇಟ್. ಆ ಫಾಸ್ಫೇಟನ್ನು ಬಿಡಿಸಲು ಕಾಳನ್ನು ನುಣ್ಣಗೆ ಬೀಸಿ, ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಸುಮಾರು 140 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಕುಕ್ಕರ್ ಬಳಸಬೇಡಿ. ಅಲ್ಯೂಮಿನಿಯಂ ಕುಕ್ಕರನ್ನಂತೂ ನೆನೆಸಿಕೊಳ್ಳಲೂ ಬೇಡಿ; ಸೋಡಾ ಮೊದಲು ಅದನ್ನೇ ತಿನ್ನುತ್ತದೆ. ಬೆಂದ ಮೇಲೆ ಬಸಿದರೆ ನೀರಿನಲ್ಲಿ ಟ್ರೈಸೋಡಿಯಂ ಫಾಸ್ಫೇಟ್ ಹೋಗುತ್ತದೆ. ಅದನ್ನು ಚೆಲ್ಲಬೇಡಿ, ತೊಳೆಯುವ ಪುಡಿಗೆ ಕೊಳ್ಳುವವರಿದ್ದಾರೆ. ಉಳಿದ ಮುದ್ದೆಗೆ ಹೈಡ್ರೋಕ್ಲೋರಿಕ್ ಆಮ್ಲ ಹದವಾಗಿ ಹಾಕಿದರೆ ಮೊನಜೈಟಿನಲ್ಲಿದ್ದ ಅಣ್ಣತಮ್ಮಂದಿರೆಲ್ಲ ಕರಗಿ ನೀರಿಗಿಳಿಯುತ್ತಾರೆ, ಥೋರಿಯಂ ಗಸಿಯಾಗಿ ಕೆಳಗೆ ನಿಲ್ಲುತ್ತದೆ. ಗಸಿಯನ್ನು ಒಂದು ಡ್ರಮ್ಮಿಗೆ ತುಂಬಿ ಮೆಟ್ಟಿಲ ಕೆಳಗಿಡಿ. ಅದರ ವಿಚಾರ ಆಮೇಲೆ.

ಕೇರಳದ ಆಲುವಾದಲ್ಲಿ ಇಂಡಿಯನ್ ರೇರ್ ಅರ್ತ್ಸ್ ಕಾರ್ಖಾನೆ ಶುರುವಾದದ್ದು ಇದೇ ಅಡುಗೆಯಿಂದ. 1952ರ ಡಿಸೆಂಬರಿನಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಅಂದರೆ ಒಲೆ ಹಚ್ಚಿದ್ದರಲ್ಲಿ ನಾವು ಯಾರಿಗೂ ಹಿಂದಿರಲಿಲ್ಲ.

ಹಂತ 5: ಪಾಲು

ಇಲ್ಲಿಯವರೆಗೆ ಮಾಡಿದ್ದೆಲ್ಲ ಮಕ್ಕಳಾಟ. ಈಗ ಅವಿಭಕ್ತ ಕುಟುಂಬ ಒಡೆಯಬೇಕು.

ಹಳ್ಳಿಯಲ್ಲಿ ಪಾಲಿನ ಪಂಚಾಯ್ತಿಗೆ ಕೂತವರಿಗೆ ಗೊತ್ತು, ಅಣ್ಣತಮ್ಮಂದಿರಲ್ಲಿ ಒಬ್ಬ ಕೋಪಿಷ್ಠ, ಒಬ್ಬ ಸಾಧು, ಒಬ್ಬ ಪಟ್ಟಣ ಸೇರಿದವ ಎಂದಿದ್ದರೆ ಪಾಲು ಮಾಡುವುದು ಸುಲಭ. ಎಲ್ಲರೂ ಒಂದೇ ಥರ ಇದ್ದರೆ ಕಷ್ಟ. ಇವರು ಒಂದೇ ಥರ. ರಾಸಾಯನಿಕ ಕ್ರಿಯೆಯಲ್ಲಿ ತೊಡಗುವ ಹೊರಗಿನ ಎಲೆಕ್ಟ್ರಾನುಗಳು ಎಲ್ಲರಿಗೂ ಹೆಚ್ಚುಕಡಿಮೆ ಸಮ; ವ್ಯತ್ಯಾಸವಿರುವುದು ಒಳಕೋಣೆಯ ಎಲೆಕ್ಟ್ರಾನುಗಳಲ್ಲಿ, ಅವು ಹೊರಗೆ ಮುಖ ತೋರಿಸುವುದಿಲ್ಲ. ಕಿರಿಯರಾಗುತ್ತ ಹೋದಂತೆ ಒಬ್ಬೊಬ್ಬರೂ ಒಂಚೂರು ಸಣಕಲಾಗುತ್ತಾರೆ, ಅಷ್ಟೇ ಸುಳಿವು. ಹಿರಿಯ ಲ್ಯಾಂಥನಂನ ಅಯಾನಿಗೆ 103 ಪಿಕೋಮೀಟರ್ ತ್ರಿಜ್ಯವಾದರೆ ಕೊನೆಯ ಲುಟೀಷಿಯಂನದ್ದು 86. ಹದಿನಾಲ್ಕು ಮೆಟ್ಟಿಲಿಗೆ ಹದಿನೇಳು ಪಿಕೋಮೀಟರ್. ಈ ಕೂದಲೆಳೆಯನ್ನು ಹಿಡಿದು ನೀವು ಮನೆ ಒಡೆಯಬೇಕು.

ಮೋಸಹೋಗಬಹುದು ಎನ್ನುವುದಕ್ಕೆ ದೊಡ್ಡವರ ಸಾಕ್ಷಿಯಿದೆ. ಸ್ವೀಡನ್ನಿನ ಮೊಸಾಂಡರ್ 1839ರಲ್ಲಿ ಸೀರಿಯಂನ ಬೆನ್ನಹಿಂದೆ ಬಚ್ಚಿಟ್ಟುಕೊಂಡಿದ್ದವನನ್ನು ಹಿಡಿದು, ಅಡಗಿ ಕೂತವನು ಎಂಬರ್ಥದಲ್ಲಿ ಲ್ಯಾಂಥನಂ ಎಂದ. ಆಮೇಲೆ ಅದರ ಹಿಂದೆ ಇನ್ನೊಬ್ಬ ಸಿಕ್ಕ. ಅವಳಿಯಂತಿದ್ದಾನೆಂದು ಡಿಡಿಮಿಯಂ ಎಂದ. ನಲವತ್ತು ವರ್ಷ ಮೀರಿ ಜಗತ್ತು ಅದನ್ನು ಮೂಲವಸ್ತು ಎಂದೇ ನಂಬಿತು, ಮೆಂಡಲೀವನ ಆವರ್ತ ಕೋಷ್ಟಕದಲ್ಲೂ ಅದಕ್ಕೊಂದು ಮನೆ ಸಿಕ್ಕಿತು. 1885ರಲ್ಲಿ ನಮ್ಮ ಗ್ಯಾಸ್‌ಲೈಟಿನ ಆಯರ್ ಅದನ್ನು ಒಡೆದು ನೋಡಿದರೆ ಒಳಗೆ ಇಬ್ಬರು: ಹಸಿರು ಅವಳಿ ಪ್ರೇಸಿಯೋಡಿಮಿಯಂ, ಹೊಸ ಅವಳಿ ನಿಯೋಡಿಮಿಯಂ. ಮೋಸದ ಹೆಸರಾದರೂ ಡಿಡಿಮಿಯಂ ಪೂರ್ತಿ ಸತ್ತಿಲ್ಲ. ಗಾಜು ಊದುವವರು ಸೋಡಿಯಂನ ಹಳದಿ ಝಳ ತಡೆಯಲು ಹಾಕಿಕೊಳ್ಳುವ ಕನ್ನಡಕದಲ್ಲಿ ಇಬ್ಬರೂ ಜೊತೆಯಲ್ಲೇ ಇದ್ದಾರೆ, ಪಾಲು ಕೇಳದೆ.

ವಿಧಾನ ಒಂದು. ಉಪ್ಪನ್ನು ಕರಗಿಸಿ, ಹರಳುಗಟ್ಟಿಸಿ, ಹರಳನ್ನು ಎತ್ತಿ, ಮತ್ತೆ ಕರಗಿಸಿ, ಮತ್ತೆ ಹರಳುಗಟ್ಟಿಸಿ. ಒಬ್ಬ ತಮ್ಮ ಇನ್ನೊಬ್ಬನಿಗಿಂತ ಒಂದು ಗಳಿಗೆ ಮೊದಲು ಹರಳಾಗುತ್ತಾನೆ ಎಂಬ ಭರವಸೆಯ ಮೇಲೆ ಇದನ್ನು ಮಾಡುತ್ತಿರಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಕಾಲೇಜೊಂದರಲ್ಲಿ ಮೇಷ್ಟರಾಗಿದ್ದ ಚಾರ್ಲ್ಸ್ ಜೇಮ್ಸ್ ಶುದ್ಧ ಥೂಲಿಯಂ ಬೇಕೆಂದು ಹೊರಟು, 1911ರ ಹೊತ್ತಿಗೆ ಇದನ್ನು ಸುಮಾರು 15,000 ಸಲ ಮಾಡಿ ಗೆದ್ದರು. ದಿನಕ್ಕೆ ಹತ್ತರಂತೆ ಹಿಡಿದರೆ ನಿಮಗೆ ನಾಲ್ಕು ವರ್ಷ ಚಿಲ್ಲರೆ. ಸಾಮಗ್ರಿಯ ಪಟ್ಟಿಯಲ್ಲಿ ತಾಳ್ಮೆಯನ್ನು ಅಷ್ಟು ಬರೆದದ್ದು ಇದಕ್ಕೇ.

ವಿಧಾನ ಎರಡು, ಈಗ ಚಾಲ್ತಿಯಲ್ಲಿರುವುದು. ಸೀಮೆಎಣ್ಣೆಯಲ್ಲಿ ಫಾಸ್ಫರಸ್ಸಿನ ಒಂದು ಸಾವಯವ ಆಮ್ಲವನ್ನು ಬೆರೆಸಿ. ನಾಲ್ಕನೇ ಹಂತದ ನೀರಿನ ಜೊತೆ ಚೆನ್ನಾಗಿ ಕಡೆಯಿರಿ, ಆಮೇಲೆ ನಿಲ್ಲಲು ಬಿಡಿ. ಸಾರಿನ ಮೇಲೆ ತುಪ್ಪ ತೇಲಿದ ಹಾಗೆ ಎಣ್ಣೆ ಮೇಲೆ ಬರುತ್ತದೆ. ಸಣಕಲು ತಮ್ಮಂದಿರಿಗೆ ಎಣ್ಣೆಯ ಮೇಲೆ ಒಂಚೂರು ಹೆಚ್ಚು ಒಲವು, ದಪ್ಪ ಅಣ್ಣಂದಿರಿಗೆ ನೀರಿನ ಮೇಲೆ. ಒಂಚೂರು, ಅಷ್ಟೇ. ಹಾಗಾಗಿ ಎಣ್ಣೆಯನ್ನು ಪಕ್ಕದ ತೊಟ್ಟಿಗೆ ಸಾಗಿಸಿ ಮತ್ತೆ ಕಡೆಯಿರಿ, ನೀರನ್ನು ಎದುರುದಿಕ್ಕಿನ ತೊಟ್ಟಿಗೆ ಕಳಿಸಿ. ನೂರಾರು ತೊಟ್ಟಿಗಳ ಸಾಲು ಬೇಕು. ಮನೆಯ ಹಾಲ್ ಸಾಲದಿದ್ದರೆ ಕಲ್ಯಾಣಮಂಟಪ ಬಾಡಿಗೆಗೆ ಹಿಡಿಯಿರಿ, ಆಷಾಢದಲ್ಲಿ ರೇಟು ಕಡಿಮೆ. ತೊಟ್ಟಿಗಳೆಲ್ಲ ಸಮತೂಕಕ್ಕೆ ಬರಲು ವಾರಗಳು ಹಿಡಿಯುತ್ತವೆ; ನಡುವೆ ಯಾರೋ ಒಂದು ನಲ್ಲಿಯನ್ನು ತಪ್ಪಾಗಿ ತಿರುಗಿಸಿದರೆ ಮೊದಲಿನಿಂದ.

ಎಷ್ಟು ತೊಟ್ಟಿ, ಯಾವ ತೊಟ್ಟಿಗೆ ಎಷ್ಟು ಎಣ್ಣೆ ಎಂಬ ಲೆಕ್ಕವನ್ನು ಕಾಗದದ ಮೇಲೆ ಮೊದಲೇ ಹಾಕಿಕೊಳ್ಳುವ ಸಿದ್ಧಾಂತವನ್ನು 1970ರ ದಶಕದಲ್ಲಿ ಕಟ್ಟಿದವರು ಪೀಕಿಂಗ್ ವಿಶ್ವವಿದ್ಯಾಲಯದ ಷೂ ಗ್ವಾಂಗ್‌ಷಿಯಾನ್. ಚೀನಾ ಈ ಮನೆಯ ಯಜಮಾನನಾದದ್ದು ಬಯಾನ್ ಓಬೊದಂಥ ಬೃಹತ್ ಗಣಿಯಿಂದ ಎಂದು ಪತ್ರಿಕೆಗಳಲ್ಲಿ ಓದುತ್ತೀರಿ. ಗಣಿ ನಮ್ಮಲ್ಲೂ ಇದೆಯಲ್ಲ. ತೊಟ್ಟಿಗಳ ಈ ಲೆಕ್ಕ, ಅದನ್ನು ವರ್ಷಾನುಗಟ್ಟಲೆ ಬೇಸರವಿಲ್ಲದೆ ಮಾಡಿದ ಮಂದಿ, ಮೆಟ್ಟಿಲ ಕೆಳಗಿನ ಡ್ರಮ್ಮನ್ನು ಮರುಮಾತಿಲ್ಲದೆ ಇಟ್ಟುಕೊಂಡ ಊರುಗಳು, ಈ ಮೂರೂ ಅಲ್ಲಿ ಒಟ್ಟಿಗಿದ್ದವು ಎಂಬುದು ಈ ಕೈಪಿಡಿ ಬರೆದವನ ಅಭಿಪ್ರಾಯ. 2024ರಲ್ಲಿ ಜಗತ್ತು ತೆಗೆದ ಸುಮಾರು 3.9 ಲಕ್ಷ ಟನ್ ವಿರಳ ಭೂಲೋಹದಲ್ಲಿ ಚೀನಾದ್ದು 2.7 ಲಕ್ಷ ಟನ್. ನಮ್ಮದು 2,900.

ಇಳುವರಿ

ನೂರು ಗ್ರಾಮಿನ ಪೊಟ್ಟಣದಲ್ಲಿ ಒಂದು ಗ್ರಾಂ ಮೊನಜೈಟ್ ಇದೆಯೆಂದಿಟ್ಟುಕೊಳ್ಳೋಣ. ಅದರಲ್ಲಿ ವಿರಳ ಭೂಲೋಹದ ಆಕ್ಸೈಡುಗಳು ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅದರ ಐದನೇ ಒಂದು ಪಾಲು ನಿಯೋಡಿಮಿಯಂನದ್ದು. ಕೈಗೆ ಬಂದದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಒಂದು ಕಿಲೋ ಅಯಸ್ಕಾಂತ ಬೇಕೆಂದರೆ ಸುಮಾರು ಮೂರು ಸಾವಿರ ಪೊಟ್ಟಣ ಬೇಕು. ಶಾಲೆಗಳ ಮುಖ್ಯೋಪಾಧ್ಯಾಯರ ಜೊತೆ ಮಾತಾಡಿ ನೋಡಿ.

ತೊಂದರೆ ಮತ್ತು ಪರಿಹಾರ

ಡಿಸ್ಪ್ರೋಸಿಯಂ ಬರುತ್ತಿಲ್ಲ: ಪೊಟ್ಟಣದ ದೋಷವಲ್ಲ. ಅದರ ಗ್ರೀಕ್ ಹೆಸರಿಗೇ ಸಿಗುವುದು ಕಷ್ಟ ಎಂದರ್ಥ. ಅಯಸ್ಕಾಂತ ಕಾದರೂ ಶಕ್ತಿ ಕಳೆದುಕೊಳ್ಳದಿರಲು ಇದು ಬೇಕೇ ಬೇಕು. ಆದರೆ ನಮ್ಮ ಮೊನಜೈಟಿನಲ್ಲಿ ಹಗುರ ಅಣ್ಣಂದಿರದ್ದೇ ದರ್ಬಾರು, ಮೈ ಸಣಕಲಾದರೂ ತೂಕ ಹೆಚ್ಚಿರುವ ತಮ್ಮಂದಿರು ತೆಗೆಯಲು ಗಿಟ್ಟುವಷ್ಟಿಲ್ಲ. ಅವರು ದಕ್ಷಿಣ ಚೀನಾದ ಜಿಯಾಂಗ್ಸಿ ಕಡೆಯ ಗುಡ್ಡಗಳ ಜೇಡಿಯಲ್ಲಿದ್ದಾರೆ. ಗದ್ದೆಗೆ ಹಾಕುವ ಅಮೋನಿಯಂ ಸಲ್ಫೇಟನ್ನೇ ನೀರಿನಲ್ಲಿ ಕರಗಿಸಿ ಗುಡ್ಡಕ್ಕೆ ಕುಡಿಸಿದರೆ ಸಾಕು, ಇಳಿದು ಬರುತ್ತಾರೆ. ಆಮೇಲೆ ಮಳೆಗಾಲದಲ್ಲಿ ಗುಡ್ಡವೂ ಇಳಿದು ಬರಬಹುದು.

ಅಂಗಡಿಯಲ್ಲೂ ಸಿಗುತ್ತಿಲ್ಲ: 2025ರ ಏಪ್ರಿಲಿನಲ್ಲಿ ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ಜನರ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ನಮ್ಮ ವಾಹನ ತಯಾರಕರೂ ಅರ್ಜಿ ಹಿಡಿದು ಸರದಿಯಲ್ಲಿ ನಿಂತರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ಮಾಡುವ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಅಯಸ್ಕಾಂತ ಕೈಗೆ ಬರುವವರೆಗೆ ಹಾಳಾದ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಬೇಡಿ.

ಪೊಲೀಸರು ಬಂದಿದ್ದಾರೆ: ಮೊನಜೈಟ್ ಅಣುಶಕ್ತಿ ಕಾನೂನಿನ ಅಡಿಯಲ್ಲಿ ನಿಯಂತ್ರಿತ ವಸ್ತು. ಈ ಕೈಪಿಡಿಯನ್ನು ತೋರಿಸಬೇಡಿ.

ಉಳಿದ ಪದಾರ್ಥ, ಗ್ಯಾರಂಟಿ

ಈಗ ಮೆಟ್ಟಿಲ ಕೆಳಗಿನ ಡ್ರಮ್ಮು. ಗ್ಯಾಸ್‌ಲೈಟಿನ ಕಾಲದಲ್ಲಿ ಇದೇ ಸರಕು, ಮಿಕ್ಕದ್ದೆಲ್ಲ ಕಸ, ಈಗ ತಿರುಗುಮುರುಗು. ಮಲೇಷ್ಯಾದ ಬುಕಿತ್ ಮೇರಾದಲ್ಲಿ 1980ರ ದಶಕದಲ್ಲಿ ತವರದ ಗಣಿಯ ಉಳಿಕೆಯಿಂದ ಬಂದ ಮೊನಜೈಟನ್ನು ಹೀಗೇ ಬೇಯಿಸುವ ಕಾರ್ಖಾನೆಯೊಂದಿತ್ತು. ಗಸಿಯನ್ನು ಎಲ್ಲಿಡುವುದೆಂಬ ಜಗಳ ಕೋರ್ಟಿಗೆ ಹೋಯಿತು. 1990ರ ದಶಕದಲ್ಲಿ ಕಾರ್ಖಾನೆ ಮುಚ್ಚಿತು, ಗಸಿ ಹೂಳುವ ಕೆಲಸ ಮಾತ್ರ ಆಮೇಲೂ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ಇದನ್ನು ಕಸ ಎನ್ನುವುದಿಲ್ಲ. ಥೋರಿಯಂ ಉರಿಸುವ ರಿಯಾಕ್ಟರುಗಳು ಬಂದ ದಿನ ಬೇಕಾಗುತ್ತದೆ ಎಂದು ಅಣುವಿಜ್ಞಾನಿ ಹೋಮಿ ಭಾಭಾ ಕಾಲದಿಂದ ಜೋಪಾನ ಮಾಡಿದ್ದೇವೆ, ಹಾರ್ಲಿಕ್ಸ್ ಬಾಟಲಿಗಳನ್ನು ಮಾಡಿದ ಹಾಗೆ.

ಡ್ರಮ್ಮಿನೊಳಗಿನ ಥೋರಿಯಂನ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ಗ್ಯಾರಂಟಿ ಅವಧಿಯೂ ಅಷ್ಟೇ. ರಸೀದಿ ಕಳೆಯಬೇಡಿ.

ಮೊರವನ್ನೂ ಪಾತ್ರೆಗಳನ್ನೂ ದೊಡ್ಡಮ್ಮನಿಗೆ ಹಿಂತಿರುಗಿಸುವ ಮೊದಲು ಚೆನ್ನಾಗಿ ತೊಳೆಯಿರಿ. ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು ಎಂಬುದನ್ನು ಮುಂದಿನ ಮುದ್ರಣದಲ್ಲಿ ಸೇರಿಸಲಾಗುವುದು.